ಮೂರು ಮನೆ ಮೇಲಿನ ಹಾಡು

ಕಿವಿ ಮುಚ್ಚಿಕೊಂಡಿದ್ದಳು... ಎರಡೂ ಕೈಯಿಂದ, ಗಟ್ಟಿಯಾಗಿ!

ಮುನ್ನೂರು ಜನ ಕುರ್ಚಿ ಬಿಟ್ಟೆದ್ದು ಸೀಟಿ ಹೊಡೆಯುತ್ತಿದ್ದ ಹಾಲ್‌ನಲ್ಲಿ, ಎರಡನೇ ಸಾಲಿನ ತುದಿಯಲ್ಲಿ ಹಸಿರು ಸೀರೆಯುಟ್ಟ ಆ ಹುಡುಗಿಯೊಬ್ಬಳೇ ಕಿವಿ ಮುಚ್ಚಿ, ತಲೆ ತಗ್ಗಿಸಿ ಕೂತಿದ್ದಳು. ವೇದಿಕೆಯ ಮೇಲೆ ಹಾಡುತ್ತಿದ್ದ ಅಪ್ಪಚ್ಚುವಿನ ಕಣ್ಣಿಗೆ ಆ ಮುನ್ನೂರು ಜನ ಬೀಳಲಿಲ್ಲ, ಅವಳೊಬ್ಬಳೇ ಬಿದ್ದಳು. ಹಾಡುವವರ ಹಣೆಬರಹವೇ ಹಾಗೆ ಬಿಡಿ, ಮೆಚ್ಚಿದವರು ನೆನಪಿನಲ್ಲಿ ಉಳಿಯುವುದಿಲ್ಲ.

1982ರ ಡಿಸೆಂಬರ್. ನಾಗಪುರದ ಅಜ್ನಿಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಕ್ರಿಸ್‌ಮಸ್ ವಾರದ ಕಾರ್ಯಕ್ರಮ. ಹಾಡುತ್ತಿದ್ದದ್ದು ಅಲ್ಲಿಯ ನದಿಯ ಹೆಸರಿಟ್ಟುಕೊಂಡ ‘ಕನ್ಹಾನ್ ಬಾಯ್ಸ್’. ಹೆಸರಿಗೆ ಬಾಯ್ಸ್, ವಯಸ್ಸು ನಲವತ್ತರ ಹತ್ತಿರ. ಡ್ರಮ್ಸ್ ಬಾರಿಸುವ ಉತ್ತಪ್ಪನಿಗಂತೂ ನಡುನೆತ್ತಿಯಲ್ಲಿ ಕೂದಲೇ ಇರಲಿಲ್ಲ.

ಹದಿನಾಲ್ಕು ವರ್ಷದಿಂದ ಈ ಬ್ಯಾಂಡು ಪಕ್ಕದ ಊರು ಕಾಮಠಿಯ ಮಿಲಿಟರಿ ಮೆಸ್ಸುಗಳಲ್ಲಿ, ನಾಗಪುರದ ಸದರ್ ಬಡಾವಣೆಯ ಚರ್ಚ್ ಮೈದಾನದಲ್ಲಿ, ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ನುಡಿಸುತ್ತ ಬಂದಿತ್ತು. ಅಮೆರಿಕದ ದಕ್ಷಿಣ ಸೀಮೆಯ ರಾಕ್ ಹಾಡುಗಳು ಅವರ ವಿಶೇಷ. ಎರಡು ಗಿಟಾರು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ, ಒಂದೊಂದೂ ಹತ್ತು ನಿಮಿಷ ನಡೆಯುವ ಹಾಡುಗಳು. ಅದರ ಮೇಲೆ ಅಪ್ಪಚ್ಚುವಿನ ದನಿ... ಗಂಡಸಿನ ಗಂಟಲು ಅಷ್ಟು ಎತ್ತರಕ್ಕೆ ಹೋಗುತ್ತದೆಂದರೆ ನಂಬಲು ಆಗುತ್ತಿರಲಿಲ್ಲ. ಜನ ಬರುತ್ತಿದ್ದದ್ದೇ ಆ ಎತ್ತರ ಕೇಳಲು.

ಮಧ್ಯಂತರದಲ್ಲಿ ಅವನು ನೇರವಾಗಿ ಅವಳ ಬಳಿ ಬಂದ. ಪಕ್ಕದಲ್ಲಿ ಅವಳ ತಂದೆ ಗುರುಸಿದ್ದಪ್ಪ ಚಹಾ ಕುಡಿಯುತ್ತಿದ್ದರು. ಹುಬ್ಬಳ್ಳಿ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡು. ಅಪ್ಪಚ್ಚು ಹಿಂದಿಯಲ್ಲಿ ಶುರು ಮಾಡಿದ, ಗುರುಸಿದ್ದಪ್ಪ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಉತ್ತರ ಕೊಟ್ಟರು. ಎರಡೇ ಮಾತಿಗೆ ಇಬ್ಬರೂ ನಕ್ಕು ಕನ್ನಡಕ್ಕೆ ಬಂದರು. ತಾನು ಕೊಡವ, ಹುಟ್ಟಿದ್ದು ಕಾಮಠಿಯಲ್ಲೇ, ಅಪ್ಪ ಸುಬೇದಾರರಾಗಿದ್ದರು, ಏಳನೇ ಕ್ಲಾಸಿನವರೆಗೆ ಮಡಿಕೇರಿಯಲ್ಲಿ ಅಜ್ಜಿಯ ಬಳಿ ಓದಿದೆ, ಈಗ ಮದ್ದುಗುಂಡಿನ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್ ಎಂದೆಲ್ಲ ಹೇಳಿ, ಆಮೇಲೆ ಅವಳ ಕಡೆ ತಿರುಗಿದ.

“ನಮ್ಮ ಹಾಡು ಅಷ್ಟು ಕೆಟ್ಟದಾಗಿತ್ತಾ ಮೇಡಂ? ಎದ್ದು ಹೋಗಬಹುದಿತ್ತಲ್ಲ.”

ಅವಳು ತಲೆಯೆತ್ತಿದಳು. ಕಣ್ಣು ಒದ್ದೆಯಾಗಿತ್ತು. ಅವನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

“ಹಾಡು ಕೆಟ್ಟೈತಿ ಅಂತ ಅಲ್ರಿ. ನಿಮ್ಮ ಗಂಟಲಾಗ ಗಾಯ ಐತಿ. ಮ್ಯಾಲ ಹೋದಾಗೆಲ್ಲ ಅದು ಹರಿಯೋದು ನನಗ ಕೇಳಸ್ತೈತಿ. ಕೂತು ಕೇಳಾಕ ಆಗಲಿಲ್ಲ.”

ಅಪ್ಪಚ್ಚುವಿನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಮೂರು ತಿಂಗಳಿಂದ ಬೆಳಗ್ಗೆ ಎದ್ದರೆ ಉಗುಳಿನಲ್ಲಿ ಕೆಂಪು ಎಳೆ ಕಾಣುತ್ತಿತ್ತು. ಅದನ್ನು ಅವನು ಉತ್ತಪ್ಪನಿಗೂ ಹೇಳಿರಲಿಲ್ಲ, ತಾಯಿ ಪೊನ್ನಮ್ಮನಿಗೂ ಹೇಳಿರಲಿಲ್ಲ. ಹೆಸರೂ ಗೊತ್ತಿಲ್ಲದ ಈ ಹುಡುಗಿಗೆ ಹೇಗೆ ಗೊತ್ತಾಯಿತು?

ಹೆಸರು ತುಂಗಾ. ಸದರ್‌ನ ಕಾನ್ವೆಂಟ್ ಶಾಲೆಯಲ್ಲಿ ಸಂಗೀತದ ಟೀಚರ್. ಧಾರವಾಡದಲ್ಲಿ ಹನ್ನೊಂದು ವರ್ಷ ಹಾರ್ಮೋನಿಯಂ ಮುಂದೆ ಕೂತು ಹಾಡು ಕಲಿತವಳು. ವಯಸ್ಸು ಇಪ್ಪತ್ತೆಂಟು. ಆ ಕಾಲದಲ್ಲಿ ಇಪ್ಪತ್ತೆಂಟಕ್ಕೆ ಮದುವೆಯಾಗದ ಹುಡುಗಿ ಎಂದರೆ ಸಂಬಂಧಿಕರೆಲ್ಲ ಪತ್ರದ ಕೊನೆಗೆ ಒಂದು ಸಾಲು ಅವಳ ಬಗ್ಗೆ ಬರೆದೇ ಬರೆಯುತ್ತಿದ್ದರು. ತಾಯಿಯಿಲ್ಲದ ಮನೆ, ಅಪ್ಪನನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎನ್ನುತ್ತಿದ್ದಳು. ನಿಜ ಏನೆಂದರೆ, ಬಂದ ಗಂಡುಗಳಲ್ಲಿ ಯಾರ ದನಿಯೂ ಅವಳ ಕಿವಿಗೆ ಹಿಡಿಸಿರಲಿಲ್ಲ. ನಗಬೇಡಿ, ಕೆಲವರು ಹಾಗಿರುತ್ತಾರೆ.

ಒಂದು ವಾರ ಬಿಟ್ಟು ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವನು ಸಂಗೀತದ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಡಾಕ್ಟರಿಗೆ ತೋರಿಸಿ ಬಂದಿದ್ದನಂತೆ. ಧ್ವನಿಯ ತಂತುಗಳ ಮೇಲೆ ಗಂಟು ಎದ್ದಿದೆ, ಹೀಗೇ ಕಿರುಚಿದರೆ ದನಿ ಉಳಿಯುವುದಿಲ್ಲ, ಸರಿಯಾಗಿ ಹಾಡುವುದನ್ನು ಯಾರ ಬಳಿಯಾದರೂ ಕಲಿ ಎಂದಿದ್ದರಂತೆ.

“ಕಲಿಸ್ತೀರಾ ಟೀಚರ್?”

ಮೂವತ್ತೆಂಟು ವರ್ಷದ ಗಂಡಸು, ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟ ಹುಡುಗನಂತೆ ನಿಂತಿದ್ದ. ತುಂಗಾಗೆ ನಗು ಬಂತು. ಅದರ ಹಿಂದೆಯೇ, ಯಾಕೋ, ಅಳುವೂ ಬಂತು.

ಶನಿವಾರ ಶನಿವಾರ ನಾಲ್ಕು ಗಂಟೆಗೆ ಅವನು ಬರತೊಡಗಿದ. ಅವಳು ಹಾರ್ಮೋನಿಯಂನಲ್ಲಿ ಒಂದೇ ಮನೆಯ ಪಟ್ಟಿ ಒತ್ತಿ ಹಿಡಿದು, ಈ ಒಂದು ಸ್ವರದ ಮೇಲೆ ಉಸಿರು ಮುಗಿಯುವ ತನಕ ನಿಲ್ಲಿ ಎನ್ನುತ್ತಿದ್ದಳು. ಬರೀ ಒಂದು ‘ಸಾ’ಗೆ ತಿಂಗಳು ಹಿಡಿಯಿತು. ನಾವು ರಾಕ್‌ನವರು, ಇಷ್ಟು ಹೊತ್ತಿಗೆ ನಾಲ್ಕು ಹಾಡು ಮುಗಿಸಿರುತ್ತಿದ್ದೆವು ಎಂದು ಅವನು ಗೊಣಗುತ್ತಿದ್ದ. ಆದರೆ ಒಂದು ಶನಿವಾರವೂ ತಪ್ಪಿಸಲಿಲ್ಲ. ಅವಳ ಹಾರ್ಮೋನಿಯಂನ ತಿದಿ ಗಾಳಿ ಬಿಡುತ್ತಿದೆ ಎಂದು ಗೊತ್ತಾದ ದಿನ ತೆಳು ಚರ್ಮ, ಗೋಂದು ತಂದು ತಾನೇ ಕೂತು ಅಂಟಿಸಿದ. ಕೆಳಗಿನ ಮನೆಗಳಲ್ಲಿ ಅವನ ದನಿ ಎಷ್ಟು ತುಂಬಿ ಬರುತ್ತದೆಂದು ಅವಳಿಗೆ ತಿಳಿದದ್ದು ಅಲ್ಲೇ. ಈ ದನಿಯನ್ನು ದಿನವಿಡೀ ಕೇಳಬಹುದು... ಜನ್ಮವಿಡೀ ಕೇಳಬಹುದು ಎಂದು ಅವಳ ಮನಸ್ಸು ಹೇಳಿತು. ಹೇಳಿದ ಮೇಲೆ ತನಗೇ ನಾಚಿಕೆಯಾಗಿ ಪುಸ್ತಕದ ಕಪಾಟು ಜೋಡಿಸತೊಡಗಿದಳು.

ಮನೆಗೂ ಬಂದ. ಪೊನ್ನಮ್ಮ ಮಾಡಿ ಕಳಿಸಿದ ಕಡಂಬುಟ್ಟಿನ ಡಬ್ಬಿ ಮುಂದಿಟ್ಟು, ಇದು ಬರೀ ಅಕ್ಕಿ ಉಂಡೆ, ಜೊತೆಗೆ ಬರೋ ಮಾಂಸದ ಸಾರನ್ನ ಮನೇಲೇ ಬಿಟ್ಟು ಬಂದಿದ್ದೀನಿ ಎಂದು ಗುರುಸಿದ್ದಪ್ಪನವರಿಗೆ ಆಣೆ ಮಾಡಿ ಹೇಳಿದ. ಇಷ್ಟಲಿಂಗ ಕಟ್ಟಿಕೊಂಡ ಗುರುಸಿದ್ದಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ತಿಂದು, ಇನ್ನೊಂದು ತಿಂದರು. ಮಗಳ ಮುಖವನ್ನೂ ನೋಡಿದರು. 

ಒಂದೇ ವಿಷಯಕ್ಕೆ ಇಬ್ಬರಿಗೂ ಜಗಳ. ಶನಿವಾರ ಕಲಿತದ್ದನ್ನು ಅವನು ಭಾನುವಾರದ ಕಾರ್ಯಕ್ರಮದಲ್ಲಿ ಮರೆಯುತ್ತಿದ್ದ. ಮತ್ತೆ ಅದೇ ಎತ್ತರ. ಹಾಡುಗಳನ್ನೆಲ್ಲ ಸ್ವಲ್ಪ ಕೆಳಗಿನ ಶ್ರುತಿಗೆ ಇಳಿಸಿಕೊಳ್ಳಿ, ಯಾರು ಬೇಡ ಅಂತಾರೆ ಎಂದು ಅವಳು ಬೇಡಿಕೊಂಡರೆ ಅವನ ಮುಖ ಗಂಟಾಗುತ್ತಿತ್ತು.

“ಅಮೆರಿಕದವರು ಹೇಗೆ ಹಾಡಿದ್ದಾರೋ ಬರೋಬರ್ ಹಾಗೇ ಹಾಡ್ತೀವಿ ಟೀಚರ್. ಇಳಿಸಿದ್ರೆ ಮೋಸ.”

ಹಾಗೆ ಹೇಳುವಾಗ ಅವನು ಅವಳ ಕಣ್ಣು ನೋಡುತ್ತಿರಲಿಲ್ಲ, ಕಿಟಕಿ ನೋಡುತ್ತಿದ್ದ. ಛಲಗಾರ, ಎಂದುಕೊಂಡಳು ಅವಳು.

ಆ ಹಾಡುಗಳು ಅವರಿಗೆ ಸಿಕ್ಕ ಬಗೆ ಕೇಳಿ. ಸದರ್‌ನ ಚರ್ಚಿಗೆ ಒಬ್ಬ ಅಮೆರಿಕದ ಪಾದ್ರಿ ಬಂದಿದ್ದರು. ತಮ್ಮ ಊರಿಂದ ತಂದ ರೆಕಾರ್ಡುಗಳನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಆದರೆ ಹುಡುಗರ ಆಸೆ ನೋಡಿ ತಮ್ಮದೇ ಟೇಪ್ ಯಂತ್ರದಲ್ಲಿ ಹಾಡುಗಳನ್ನು ತುಂಬಿ ಕೊಟ್ಟರು. ಆ ಟೇಪನ್ನು ಉತ್ತಪ್ಪನ ಮನೆಯ ಯಂತ್ರದಲ್ಲಿ ಹಾಕಿ, ಸಾವಿರ ಸಲ ತಿರುಗಿಸಿ, ಒಂದೊಂದು ಸ್ವರ ಹಿಡಿದು ಕಲಿತರು. ನಂತರ ಪಾದ್ರಿ ಊರಿಗೆ ಹೋದರು. ಎಂಟು ವರ್ಷದಿಂದ ಬ್ಯಾಂಡಿಗೆ ಆ ಟೇಪುಗಳೇ ಗುರು.

1983ರ ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿಸಿ ಸಂಗೀತದ ಕೋಣೆ ಗುಡಿಸುವಾಗ, ಕಪಾಟಿನ ಹಿಂದೆ ತುಂಗಾಗೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ತುಂಬ ರೆಕಾರ್ಡುಗಳು. ಮೇಲೆ ಆ ಪಾದ್ರಿಯ ಹೆಸರು, ಅವರು ಹೋಗುವಾಗ ಶಾಲೆಗೆ ಬಿಟ್ಟು ಹೋದದ್ದು! ಶನಿವಾರ ಅಪ್ಪಚ್ಚುವಿಗೆ ತೋರಿಸಿ ಚಕಿತಗೊಳಿಸಬೇಕು ಎಂದುಕೊಂಡು, ಅವನು ಕೊನೆಯಲ್ಲಿ ಹಾಡುವ ಆ ದೊಡ್ಡ ಹಾಡನ್ನು ಹುಡುಕಿ ಶಾಲೆಯ ಗ್ರಾಮಫೋನಿಗೆ ಹಾಕಿದಳು.

ಕೇಳಿದಳು. ಮತ್ತೆ ಕೇಳಿದಳು.

ಅದೇ ಹಾಡು. ಆದರೆ ನಿಧಾನ. ಹಾಡುವವನದು ಆಳವಾದ, ಆರಾಮದ ಗಂಡು ದನಿ, ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿದಷ್ಟು ಸಲೀಸು. ಎಲ್ಲಿಯೂ ಕಿರುಚಾಟವಿಲ್ಲ. ಗ್ರಾಮಫೋನು ಕೆಟ್ಟಿರಬೇಕೆಂದು ತನಗೆ ಶ್ರುತಿ ಗೊತ್ತಿದ್ದ ಬೇರೆ ರೆಕಾರ್ಡು ಹಾಕಿ ನೋಡಿದಳು. ಕೆಟ್ಟಿರಲಿಲ್ಲ. ಹಾರ್ಮೋನಿಯಂ ಎಳೆದುಕೊಂಡು ಅಳೆದಳು. ಅಪ್ಪಚ್ಚು ಹಾಡುತ್ತಿದ್ದದ್ದು ಇದಕ್ಕಿಂತ ಮೂರು ಮನೆ ಮೇಲೆ, ಬಿಳಿ ಕಪ್ಪು ಎಲ್ಲ ಸೇರಿಸಿ ಪೂರಾ ಮೂರು ಮನೆ!

ಶಾಲೆಯ ಹಳೆಯ ಸಿಸ್ಟರ್ ಒಬ್ಬರನ್ನು ಕೇಳಿದಾಗ ಅವರು ನಕ್ಕುಬಿಟ್ಟರು. ಪಾದ್ರಿಯ ಯಂತ್ರ ಅಮೆರಿಕದ ಕರೆಂಟಿಗೆ ಮಾಡಿದ್ದು, ಇಲ್ಲಿಯ ಕರೆಂಟಿಗೆ ನಿಧಾನ ತಿರುಗುತ್ತಿತ್ತು, ಅದರಲ್ಲಿ ತುಂಬಿದ್ದನ್ನು ಬೇರೆ ಯಂತ್ರದಲ್ಲಿ ಹಾಕಿದರೆ ವೇಗವಾಗಿ ಓಡಿ ದನಿ ಮೇಲೇರುತ್ತಿತ್ತು, ಅವರ ಪ್ರವಚನವನ್ನು ಒಮ್ಮೆ ಹಾಗೆ ಹಾಕಿದಾಗ ಹೆಂಗಸು ಮಾತಾಡಿದಂತೆ ಕೇಳಿ ಇಡೀ ಚರ್ಚೇ ನಕ್ಕಿತ್ತು ಎಂದರು.

ತುಂಗಾಗೆ ನಗು ಬರಲಿಲ್ಲ. ಎಂಟು ವರ್ಷ... ಒಂದು ಯಂತ್ರದ ತಪ್ಪನ್ನು ಸತ್ಯವೆಂದು ನಂಬಿ ಒಬ್ಬ ಮನುಷ್ಯ ತನ್ನ ಗಂಟಲು ಹರಿದುಕೊಂಡಿದ್ದ.

ಅವಳು ಮಾಡಿದ ತಪ್ಪು ಇಲ್ಲಿಂದ ಶುರು. ನೇರ ಅಪ್ಪಚ್ಚುವಿನ ಬಳಿ ಹೋಗಿ ಹೇಳಬೇಕಿತ್ತು. ಅವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಉತ್ತಪ್ಪನಿಗೆ ಹೇಳಿದಳು.

 ಉತ್ತಪ್ಪ ಕೈ ಮುಗಿದ. ಇನ್ನು ಹನ್ನೆರಡು ದಿನಕ್ಕೆ ಕಾಮಠಿಯ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ. ಬೊಂಬಾಯಿಯ ಒಂದು ಕ್ಯಾಸೆಟ್ ಕಂಪನಿಯವರು ಬಂದು ಅಲ್ಲೇ ರೆಕಾರ್ಡ್ ಮಾಡುವವರಿದ್ದರು. ಹದಿನೈದು ವರ್ಷಕ್ಕೆ ಬ್ಯಾಂಡಿನ ಮೊದಲ ಕ್ಯಾಸೆಟ್. ಆ ಎತ್ತರದ ದನಿಯ ಸುದ್ದಿ ಕೇಳಿಯೇ ಅವರು ಬರುತ್ತಿದ್ದದ್ದು.

“ಈಗ ಹೇಳಿದ್ರೆ ಅವನು ಒಡೆದು ಹೋಗ್ತಾನೆ ಅಮ್ಮ. ಒಂದು ಸಂಜೆ ಆಗಲಿ. ಮರುದಿನ ನಾನೇ ನಿಮ್ಮ ಜೊತೆ ಬಂದು ಹೇಳ್ತೀನಿ.”

ಒಪ್ಪಿಕೊಂಡಳು. ಉತ್ತಪ್ಪನಿಗಾಗಿ ಮಾತ್ರ ಒಪ್ಪಿದಳೆಂದರೆ ಸುಳ್ಳಾಗುತ್ತದೆ. ಆ ಶನಿವಾರವೇ ಅಪ್ಪಚ್ಚು ಬಂದು, ಕ್ಯಾಸೆಟ್ ಒಂದು ಆಗಲಿ, ನಿಮ್ಮ ತಂದೆಯ ಹತ್ತಿರ ಒಂದು ಮಾತು ಕೇಳುವುದಿದೆ ಎಂದಿದ್ದ. ಯಾವ ಮಾತು ಎಂದು ಅವಳು ಕೇಳಲಿಲ್ಲ. ಕಿವಿಯವರೆಗೆ ಕೆಂಪಾಗಿದ್ದಳು. ಆ ಖುಷಿಯನ್ನು ಕೆಡಿಸುವ ಧೈರ್ಯ ಯಾವ ಹುಡುಗಿಗೆ ಬರುತ್ತದೆ ಹೇಳಿ?

ಹನ್ನೆರಡೇ ದಿನ... ಇಷ್ಟು ವರ್ಷ ತಡೆದ ಗಂಟಲು ಹನ್ನೆರಡು ದಿನ ತಡೆಯುವುದಿಲ್ಲವೇ?

ಕಾಮಠಿಯ ಮೈದಾನ ಅಂದು ಸಂಜೆ ಆರಕ್ಕೇ ತುಂಬಿತ್ತು. ನಿವೃತ್ತ ಜವಾನರು ಹೆಂಡತಿ ಮಕ್ಕಳ ಜೊತೆ ಬಂದಿದ್ದರು, ಸದರ್‌ನ ಆಂಗ್ಲೋ ಇಂಡಿಯನ್ ಆಂಟಿಯರು ಸ್ವೆಟರ್ ಹಾಕಿ ಮುಂದಿನ ಸಾಲು ಹಿಡಿದಿದ್ದರು, ಕಾಲೇಜಿನವರು ಕಾಂಪೌಂಡು ಹತ್ತಿ ಕೂತಿದ್ದರು. ಕನ್ಹಾನ್ ಬಾಯ್ಸ್ ಅಂದು ನುಡಿಸಿದ ಹಾಗೆ ಯಾವತ್ತೂ ನುಡಿಸಿರಲಿಲ್ಲ. ಅಪ್ಪಚ್ಚುವಿನ ಗಿಟಾರೂ ಬ್ಯಾಂಡಿನ ಇನ್ನೊಬ್ಬ ಗಿಟಾರಿನವ ಬಾಬುವಿನ ಗಿಟಾರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ಉತ್ತಪ್ಪನ ಬನಿಯನ್ ಬೆವರಿಗೆ ಮೈಗಂಟಿತ್ತು. ಬೊಂಬಾಯಿಯಿಂದ ಬಂದಾತ ಹೆಡ್‌ಫೋನ್ ಹಾಕಿಕೊಂಡು ಕಣ್ಣರಳಿಸಿ ಕೂತಿದ್ದ.

ತುಂಗಾ ಪಕ್ಕದ ಸಾಲಿನಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದಳು. ಒಂದೊಂದು ಹಾಡು ಮುಗಿದಾಗಲೂ, ಇದೊಂದು ಸಾಕು, ಇಲ್ಲಿಗೆ ನಿಲ್ಲಿಸಿ... ನಿಲ್ಲಿಸಿ... ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು.

ಕೊನೆಯದು ಆ ದೊಡ್ಡ ಹಾಡು. ಮೆಲ್ಲಗೆ ಶುರುವಾಗಿ, ಗಿಟಾರುಗಳು ಓಡತೊಡಗಿ, ತುತ್ತತುದಿಗೆ ಹೋಗಿ ಅವನು ಒಂದೇ ಉಸಿರಿಗೆ ಕೂಗಬೇಕು. ಅವನು ಕಣ್ಣು ಮುಚ್ಚಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ ಬಾಯಿ ತೆರೆದ.

ಅರ್ಧ ಕ್ಷಣ ದನಿ ಇತ್ತು. ಆಮೇಲೆ ಇರಲಿಲ್ಲ.

ಬಾಯಿ ತೆರೆದೇ ಇತ್ತು. ಕುತ್ತಿಗೆಯ ನರಗಳು ಉಬ್ಬಿದ್ದವು. ಮೈಕಿನಿಂದ ಬರೀ ಗಾಳಿ ಬಂತು. ಜನ ಅದನ್ನೂ ಹಾಡಿನ ಭಾಗವೆಂದು ತಿಳಿದರು, ಸಾವಿರಾರು ಕೈ ಚಪ್ಪಾಳೆ ಹೊಡೆದವು. ಬಾಬು ಮಾತ್ರ ತಿರುಗಿ ನೋಡಿ ಬಿಳಿಚಿಕೊಂಡ. ಅಪ್ಪಚ್ಚು ಹಾಡಬೇಕಿದ್ದ ಸಾಲನ್ನು ತನ್ನ ಗಿಟಾರಿನಲ್ಲಿ ನುಡಿಸಿ ಹೇಗೋ ಹಾಡು ಮುಗಿಸಿದ. ಅಪ್ಪಚ್ಚು ಜೇಬಿನ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಮೆಟ್ಟಿಲಿಳಿದ. ಕರವಸ್ತ್ರ ಕೆಂಪಾಗಿತ್ತು.

ಒಳಗೆ ರಕ್ತನಾಳ ಒಡೆದಿದೆ, ಗಂಟು ತೆಗೆಯಲೇಬೇಕು, ತೆಗೆದ ಮೇಲೂ ಹಳೆಯ ದನಿ ಬರುವುದಿಲ್ಲ ಎಂದರು ಡಾಕ್ಟರು. ಆಪರೇಷನ್ ಆಯಿತು. ಮಾತೇ ಆಡಬಾರದೆಂದು ಮೂರು ವಾರ ಬಾಯಿ ಕಟ್ಟಿಸಿದರು. ಕ್ಯಾಸೆಟ್ ಕಂಪನಿಯವನು ಒಂದು ಪತ್ರ ಬರೆದು ಸುಮ್ಮನಾದ.

ಆಸ್ಪತ್ರೆಯ ಮಂಚದ ಪಕ್ಕ ನಿಂತು ತುಂಗಾ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆ, ರೆಕಾರ್ಡು, ಮೂರು ಮನೆ, ಹನ್ನೆರಡು ದಿನ. ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದಳು.

ಅವನು ಅವಳ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿಯೇ ಚೀಟಿ ತೆಗೆದುಕೊಂಡು ಬರೆದ.

‘ಹೋಗಿ. ಇನ್ನು ಬರಬೇಡಿ.’

ಬರಬೇಡಿ ಎಂದರೂ ಎರಡು ಸಲ ಕಾಮಠಿಗೆ ಹೋದಳು. ಮಗ ಮನೆಯಲ್ಲಿಲ್ಲ ಎಂದರು ಪೊನ್ನಮ್ಮ. ಬಾಗಿಲ ಬಳಿ ಅವನ ಬೂಟು ಇತ್ತು. ಪಾಪ, ಆ ತಾಯಿಗೂ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹೇಳುತ್ತ ಅತ್ತುಬಿಟ್ಟರು. ಮೂರನೇ ಸಲ ಹೋಗುವ ಧೈರ್ಯ ತುಂಗಾಗೆ ಬರಲಿಲ್ಲ.

ಅಂದಿನಿಂದ ಅವಳು ಹಾಡಲಿಲ್ಲ. ನನ್ನಿಂದ ಒಬ್ಬರ ದನಿ ಹೋಯಿತು, ನಾನು ಯಾವ ಮುಖ ಇಟ್ಟುಕೊಂಡು ಹಾಡಲಿ ಎಂದುಕೊಂಡಳು. ಮುಖ್ಯೋಪಾಧ್ಯಾಯಿನಿಯ ಕೈಕಾಲು ಹಿಡಿದು ಸಂಗೀತ ಬಿಟ್ಟು ನಾಲ್ಕನೇ ಕ್ಲಾಸಿನ ಗಣಿತ ತೆಗೆದುಕೊಂಡಳು. ಹಾರ್ಮೋನಿಯಂ ಮಂಚದ ಕೆಳಗೆ ಹೋಯಿತು. ಗದಗದಿಂದ ಒಂದು ಒಳ್ಳೆಯ ಸಂಬಂಧ ಬಂತು, ಬೇಡವೆಂದಳು. ಗುರುಸಿದ್ದಪ್ಪ ಎಷ್ಟೋ ದಿನ ಊಟಕ್ಕೆ ಕೂತು, ಏನೋ ಹೇಳಲು ಬಾಯಿ ತೆರೆದು, ಸಾರು ಹಾಕು ಎಂದಷ್ಟೇ ಹೇಳಿ ಏಳುತ್ತಿದ್ದರು.

ಮೂರು ವರ್ಷ ಕಳೆಯಿತು. ಬ್ಯಾಂಡು ಮುಗಿದೇ ಹೋಗಿತ್ತು. ಬಾಬು ಬೊಂಬಾಯಿಯ ಹೋಟೆಲೊಂದರಲ್ಲಿ ನುಡಿಸುತ್ತಿದ್ದ. 1987ರ ಜನವರಿ ಕೊನೆಗೆ ಗುರುಸಿದ್ದಪ್ಪನವರ ನಿವೃತ್ತಿ. ಕ್ವಾರ್ಟರ್ಸ್ ಬಿಟ್ಟು ಹುಬ್ಬಳ್ಳಿಗೆ ಹೊರಡುವುದೆಂದು ನಿಶ್ಚಯವಾಯಿತು. ತುಂಗಾ ರಾಜೀನಾಮೆ ಕೊಟ್ಟಳು.

ಅದೇ ವಾರ ಉತ್ತಪ್ಪ ಮಗಳ ಅಡ್ಮಿಷನ್‌ಗೆಂದು ಶಾಲೆಗೆ ಬಂದ. ಸಂಗೀತದ ಟೀಚರ್ ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದದ್ದನ್ನು ಕಂಡು ಗಾಬರಿಯಾಗಿ ಸಿಸ್ಟರನ್ನು ವಿಚಾರಿಸಿದ. ಅವರು ಹೇಳಿದ್ದನ್ನು ಕೇಳಿ ಅವನಿಗೆ ನಿಲ್ಲಲಾಗಲಿಲ್ಲ. ಅಲ್ಲಿಂದ ನೇರ ಕಾಮಠಿಗೆ ಹೋಗಿ ಅಪ್ಪಚ್ಚುವಿಗೆ ಹೇಳಿದ. ಆ ಹುಡುಗಿ ಮೂರು ವರ್ಷದಿಂದ ಹಾಡಿಲ್ಲವಂತೆ ಕಣೋ, ನಿನ್ನ ದನಿ ತಾನೇ ಕೊಂದೆ ಅಂದ್ಕೊಂಡಿದ್ದಾಳಂತೆ, ಈ ಭಾನುವಾರ ಬಿಟ್ಟರೆ ಊರಿಗೆ ಹೋಗಿಬಿಡ್ತಾಳೆ ಎಂದ. ಅಪ್ಪಚ್ಚು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಎದ್ದುಹೋದ.

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಕ್ವಾರ್ಟರ್ಸಿನ ತುಂಬ ಗೋಣಿಚೀಲ, ಹಗ್ಗ, ಟ್ರಂಕು. ಬಾಗಿಲು ತಟ್ಟಿದ ಸದ್ದಿಗೆ ಬಂದ ತುಂಗಾ ಅಲ್ಲೇ ನಿಂತುಬಿಟ್ಟಳು.

ಅಪ್ಪಚ್ಚು! ಕೂದಲು ಅರ್ಧ ಬಿಳಿಯಾಗಿತ್ತು. ಶರ್ಟು ಮೈಗೆ ದೊಡ್ಡದಾಗಿತ್ತು.

ಗುರುಸಿದ್ದಪ್ಪ ಅವನನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಗಾಳಿಗೆ ಕೂತಿರ್ತೀನಿ ಎಂದು ಮಫ್ಲರ್ ಸುತ್ತಿಕೊಂಡು ವರಾಂಡಕ್ಕೆ ಹೋದರು. ಜನವರಿಯ ಚಳಿಯಲ್ಲಿ ಯಾರು ಗಾಳಿಗೆ ಕೂರುತ್ತಾರೆ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

“ಟೀಚರ್...”

ಆ ದನಿ ಕೇಳಿ ತುಂಗಾಳ ಜೀವ ಹೋದಂತಾಯಿತು. ದನಿಯಲ್ಲ ಅದು, ಗಾಳಿ ಬೆರೆತ ಪಿಸುಮಾತು. ಮೂರು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದ. ನನ್ನಿಂದ... ಇದು ನನ್ನಿಂದ... ಎಂದುಕೊಂಡಳು.

“ನಿಮ್ಮಿಂದ ಅಲ್ಲ,” ಎಂದ ಅವನು. “ಅದನ್ನ ಹೇಳೋಕೇ ಬಂದೆ. ನನಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಮೂರು ಮನೆ.”

ಅವಳಿಗೆ ಅರ್ಥವಾಗಲಿಲ್ಲ. ಅವನು ನಿಂತು ನಿಂತು ಹೇಳಿದ. 1979ರಲ್ಲಿ ಬೊಂಬಾಯಿಗೆ ಹೋದಾಗ ಒಂದು ಅಂಗಡಿಯಲ್ಲಿ ಆ ರೆಕಾರ್ಡನ್ನು ಕೇಳಿದ್ದ.  ಟೇಪು ತಪ್ಪು, ತಾವು ಕಲಿತದ್ದೆಲ್ಲ ತಪ್ಪು ಎಂದು ಆಗಲೇ ತಿಳಿದಿತ್ತು. ಬಂದವನೇ ಜಬಲ್‌ಪುರದ ಒಂದು ಕಾರ್ಯಕ್ರಮದಲ್ಲಿ ಯಾರಿಗೂ ಕಾರಣ ಹೇಳದೆ ಮೂರು ಹಾಡನ್ನು ಕೆಳಗಿನ ಶ್ರುತಿಯಲ್ಲಿ ಹಾಡಿದ. ಜನ ಕೂಗಾಡಿದರು, ದನಿ ಎಲ್ಲಿ ಹೋಯಿತು ಎಂದರು, ಅರ್ಧ ಜನ ಎದ್ದು ಹೋದರು. ಅವತ್ತಿನಿಂದ ಮತ್ತೆ ಆ ಎತ್ತರಕ್ಕೇ ಹೋದ. ಉತ್ತಪ್ಪನಿಗೂ ಹೇಳಲಿಲ್ಲ.

“ಕೆಳಗೆ ಹಾಡಿದ್ರೆ ನಾನು ಬರೀ ಸ್ಟೋರ್ ಕೀಪರ್, ಟೀಚರ್. ಮೇಲೆ ಹೋದ್ರೆ ಮಾತ್ರ ಅಪ್ಪಚ್ಚು. ನೀವು ಹೇಳಿದ್ರೂ ಅವತ್ತು ನಾನು ಹಾಗೇ ಹಾಡ್ತಿದ್ದೆ. ನನ್ನ ಗಂಟಲು ನಾನೇ ಹರ್ಕೊಂಡೆ.”

ತುಂಗಾ ಅವನನ್ನೇ ನೋಡುತ್ತಿದ್ದಳು. ಎದೆಯ ಮೇಲಿದ್ದ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಬಂದದ್ದು ಸಿಟ್ಟು. ಇಷ್ಟು ಸಿಟ್ಟು ತನ್ನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

“ಮತ್ತ ಅವತ್ತು ಆಸ್ಪತ್ರ್ಯಾಗ ಹೋಗ್ರಿ ಅಂತ ಯಾಕ ಬರದ್ರಿ?”

“ನಾಚಿಕೆ. ನೀವು ಅಳ್ತಾ ನಂದೇ ತಪ್ಪು ಅನ್ನೋ ಹಾಗೆ ನಿಂತಿದ್ರಿ. ನನಗೆ ಗೊತ್ತಿತ್ತು ಅಂತ ಬರೆಯೋಕೆ ಕೈ ಬರಲಿಲ್ಲ. ಆಮೇಲೆ... ದಿನ ಕಳೆದ ಹಾಗೆ ಇನ್ನೂ ಕಷ್ಟ ಆಯ್ತು.”

“ಮೂರು ವರ್ಷ,” ಎಂದಳು ಅವಳು.  “ಮೂರು ವರ್ಷ ನಾನು ಬಾಯಿ ಬಿಟ್ಟು ಒಂದು ಸ್ವರ ಹಾಡಿಲ್ಲ. ಬಚ್ಚಲದಾಗ ಸೈತ ಗುಣುಗಿಲ್ಲ. ನೀವು ಒಂದು ಚೀಟಿ ಬರದು ಕಳಸಬಹುದಿತ್ತು.”

ಅವನು ಲೋಟವನ್ನು ನೆಲಕ್ಕಿಟ್ಟ. 

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಓರೆ ಮಾಡಿ, ಖಾಲಿ ಕಪಾಟಿಗೆ ಹಣೆಯಿಟ್ಟು ಅತ್ತಳು. ಹೋದ ವರ್ಷಗಳಿಗೆ ಅತ್ತಳು, ಅವನ ಹೋದ ದನಿಗೆ ಅತ್ತಳು, ಅವನು ಹೇಡಿಯಾದದ್ದಕ್ಕೆ ಅತ್ತಳು. ತಾನೂ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡು ಹೇಡಿಯಾಗಿದ್ದೆನಲ್ಲ ಎಂದು ನೆನಪಾದಾಗ ಇನ್ನಷ್ಟು ಅಳು ಬಂತು. ಇಬ್ಬರೂ ಒಂದೇ ತಪ್ಪು ಮಾಡಿದ್ದರು. ಅವಳದು ಹನ್ನೆರಡು ದಿನದ್ದು, ಅವನದು ಮೂರು ವರ್ಷದ್ದು.

ಹಿಂಬಾಗಿಲಿಂದ ಗುರುಸಿದ್ದಪ್ಪ ಬಂದು ನಿಂತರು. ಮಗಳ ಬೆನ್ನ ಮೇಲೆ ಕೈಯಿಟ್ಟರು.

“ಅಂವ ಇನ್ನೂ ಕುಂತಾನವಾ. ಎದ್ದು ಹೋಗು ಅಂದ್ರ ಹೋಗ್ತಾನ. ಏನು ಹೇಳ್ಲಿ?”

ತುಂಗಾ ಮುಖ ತೊಳೆದುಕೊಂಡಳು. ನಾನೇ ಹೇಳ್ತೀನಪ್ಪಾ ಎಂದು ಹೊರಗೆ ಬಂದಳು.

ಅಪ್ಪಚ್ಚು ಎದ್ದು ನಿಂತ. ಅವಳು ಅವನ ಎದುರಿನ ಟ್ರಂಕಿನ ಮೇಲೆ ಕೂತಳು.

“ಅವತ್ತು ನಮ್ಮಪ್ಪಗ ಒಂದು ಮಾತು ಕೇಳೋದೈತಿ ಅಂದಿದ್ರಿ. ಕೇಳಲೇ ಇಲ್ಲ.”

ಅವನು ತಲೆ ತಗ್ಗಿಸಿದ. ಆ ಮಾತು ಕೇಳಲು ಬಂದವನು ಬೇರೆ ಮನುಷ್ಯ, ಇವತ್ತು ತನ್ನ ಬಳಿ ಕೊಡಲು ಏನೂ ಇಲ್ಲ ಎಂದ. ಹಾಡಿಲ್ಲ, ಬ್ಯಾಂಡಿಲ್ಲ, ಫ್ಯಾಕ್ಟರಿಯಲ್ಲಿ ಪಕ್ಕದ ಟೇಬಲ್ಲಿನವರಿಗೂ ಚೀಟಿ ಬರೆದು ತೋರಿಸುತ್ತೇನೆ ಎಂದ.

“ನಾನು ಹಾಡಿನ ಕೂಡ ಲಗ್ನ ಆಗಬೇಕಂತ ಇದ್ದಿಲ್ಲ,” ಎಂದಳು ತುಂಗಾ. “ನಿಮ್ಮ ಮ್ಯಾಲ ನನಗ ಭಾಳ ಸಿಟ್ಟು ಐತಿ. ಅದು ಲಗೂನ ಹೋಗೂದಿಲ್ಲ. ಹುಬ್ಬಳ್ಳಿಗೆ ಹೋದ್ರ ಅಷ್ಟೂ ಸಿಟ್ಟು ನಾ ಒಬ್ಬಾಕಿನ ಇಟಗೊಂಡು ಕುಂದರಬೇಕು.”

ಅವನು ನಿಧಾನವಾಗಿ ತಲೆಯೆತ್ತಿದ. ಕಣ್ಣು ತುಂಬಿತ್ತು. ಏನೋ ಹೇಳಹೋದ, ಉಸಿರು ಸಾಲಲಿಲ್ಲ. ಅವಳು ಕಾದಳು. ಆತುರ ಮಾಡಲಿಲ್ಲ.

“ನನ್ನ ಜೊತೆ ಇರ್ತೀರಾ ತುಂಗಾ?”

ಮೊದಲ ಸಲ ಅವಳ ಹೆಸರು ಹೇಳಿದ್ದ. ಅವಳು ಹೂಂ ಎಂದಳು. ಹೂಂ ಎಂದವಳೇ ಮತ್ತೆ ಅತ್ತಳು. ಅವನು ಕೈ ಚಾಚಿದ, ಅವಳು ಹಿಡಿದುಕೊಂಡಳು. ವರಾಂಡದಲ್ಲಿ ಗುರುಸಿದ್ದಪ್ಪ ಇಲ್ಲದ ಕೆಮ್ಮು ಕೆಮ್ಮಿ ಸುಮ್ಮನಾದರು.

“ಯೋಚನೆ ಮಾಡಿ,” ಎಂದ ಅವನು. “ಪಕ್ಕದ ಕೋಣೆಯಿಂದ ನಿಮ್ಮನ್ನ ಕೂಗಿ ಕರೆಯೋಕೂ ನನಗೆ ಆಗಲ್ಲ.”

“ಕೂಗಬ್ಯಾಡ್ರಿ,” ಎಂದಳು ತುಂಗಾ. “ಆಗಾಗ ನಾನ ಎದ್ದು ಬಂದು ನೋಡ್ತೀನಿ.”